ಲಾಳಿ ಓಣಿಯ ಜೋಕಾಲಿ

ನಮ್ಮ ತವರಿನ ಓಣಿ ಕೆಂಪಾದ ದಿನ ವೈನಿ ನೀಲಗಂಗಾ ಫೋನ್ ಮಾಡಿ ನನಗೆ ಸಹಸ್ರನಾಮಾರ್ಚನೆ ಮಾಡಿದಳು.

“ಏನವ್ವಾ ದಾಕ್ಷಾಯಣಿ, ನಮ್ಮ ಹುಡುಗರು ನಿನ್ನ ಮಷೀನಿಗೆ ಏನ್ ಅನ್ಯಾಯ ಮಾಡಿದ್ದವು? ಲಾಳಿ ಓಣಿ ಹುಡುಗರಿಗೆ ಬೊಜ್ಜು ಬಂದೈತಂತ! ಬೊಜ್ಜು! ಇಲ್ಲೆ ಬಂದು ನೋಡು ಒಮ್ಮೆ, ಬಾಜೂಮನಿ ಈರ್ಯಾನ ಎದಿ ಎಲುಬು ನಿಂತಲ್ಲೇ ಎಣಿಸಬಹುದು.”

“ವೈನಿ, ಅದು ಬರೇ ಅಂದಾಜು.”

“ಅಂದಾಜಿನ ಮ್ಯಾಲೆ ಹುಡುಗರ ಉಂಡಿ ನಿಂದ್ರಸ್ತಾರೇನು?”

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬೆಟಗೇರಿಯ ಲಾಳಿ ಓಣಿಯಲ್ಲಿ ದಿನವಿಡೀ ಮಗ್ಗದ ಮುಂದೆ ಕೂರುವವಳು. ಮಗ್ಗಗಳು ಈಗ ಬಿಸಿಲಿನ ಕರೆಂಟಿನಿಂದ ಓಡುತ್ತವೆ, ಆದರೂ ಎಳೆ ಕಡಿದರೆ ಜೋಡಿಸಲು ಮನುಷ್ಯರ ಬೆರಳೇ ಬೇಕು. ಆ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವಳ ಗಂಟಲು ಎಷ್ಟು ಗಟ್ಟಿಯಾಗಿದೆಯೆಂದರೆ, ಫೋನಿಲ್ಲದಿದ್ದರೂ ಆ ಬೈಗುಳ ಗದಗಿನಲ್ಲಿ ಕೂತ ನನಗೆ ಕೇಳಿಸುತ್ತಿತ್ತು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ವೈನಿಯ ಸಿಟ್ಟಿನ ರುಚಿ ನಿಮಗೆ ಹತ್ತುವುದಿಲ್ಲ. ನಾನಿರುವುದು ಓಣಿ ಆರೋಗ್ಯ ಕೇಂದ್ರದಲ್ಲಿ. ಯಾವ ಓಣಿಯಲ್ಲಿ ನೂರಕ್ಕೆ ಎಷ್ಟು ಮಕ್ಕಳಿಗೆ ಅತಿತೂಕವಿದೆ ಎಂದು ಅಂದಾಜು ಮಾಡಿ, ನಕ್ಷೆಯಲ್ಲಿ ಆ ಓಣಿಗೆ ಬಣ್ಣ ಹಚ್ಚುವುದು ನಮ್ಮ ಕೆಲಸ: ಹೆಚ್ಚಿದ್ದರೆ ಕೆಂಪು, ನಡುವೆ ಇದ್ದರೆ ಹಳದಿ, ಕಡಿಮೆಯಿದ್ದರೆ ಹಸಿರು. ಇಡೀ ಜಿಲ್ಲೆಗೆ ಒಂದು ಸಂಖ್ಯೆ ಹೇಳುವುದು ಯಾರಿಗಾದರೂ ಬರುತ್ತದೆ. ಆದರೆ ಆಟದ ಬಯಲು ಎಲ್ಲಿ ಬೇಕು, ಯಾವ ಶಾಲೆಯ ಎದುರಿನ ಪೊಟ್ಟಣದ ತಿಂಡಿಯ ಅಂಗಡಿ ಎತ್ತಿಸಬೇಕು ಎಂದು ತಿಳಿಯಬೇಕಾದರೆ ಓಣಿ ಓಣಿಯ ಲೆಕ್ಕ ಬೇಕು. ಹಿಂದಿನ ವರ್ಷ ಪೇಟೆಯ ಒಂದು ಓಣಿ ನಿಜವಾಗಿಯೂ ಕೆಂಪಾಗಿತ್ತು. ಅಲ್ಲಿ ಮಕ್ಕಳಿಗೆ ಓಡಲು ಗೇಣು ಜಾಗವಿರಲಿಲ್ಲ. ನಮ್ಮ ಅಂದಾಜಿನಿಂದ ಒಂದು ಬಯಲು ಸಿಕ್ಕಿತು, ಈಗ ಅಲ್ಲಿ ಸಂಜೆ ಕಬಡ್ಡಿಯ ಗದ್ದಲಕ್ಕೆ ಕಿವಿ ಕಿತ್ತುಹೋಗುತ್ತದೆ. ಆದ್ದರಿಂದ ನನ್ನ ಕೆಲಸವನ್ನು ಯಾರೂ ಹಗುರವಾಗಿ ನೋಡಬಾರದು, ವೈನಿಯೊಬ್ಬಳನ್ನು ಬಿಟ್ಟು. ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ಹಾಗಂತ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಗುವಂತಿಲ್ಲ. ಹಿಂದೆ ತೂಗುತ್ತಿದ್ದರು. ಶಾಲೆಯಲ್ಲಿ ತೂಕದ ದಿನ ಬಂತೆಂದರೆ ದಪ್ಪಗಿನ ಮಕ್ಕಳಿಗೂ ಹೊಟ್ಟೆನೋವು, ಸಣಕಲು ಮಕ್ಕಳಿಗೂ ಹೊಟ್ಟೆನೋವು. ಗೇಲಿ, ಅಳು, ತಾಯಂದಿರ ಜಗಳ. ಕೊನೆಗೆ ಹೆಸರು ಹಿಡಿದು ಯಾವ ಮಗುವನ್ನೂ ತೂಗಬಾರದೆಂದು ಕಾನೂನೇ ಬಂತು. ಆಗ ಯಾರಿಗೋ ಹೊಳೆಯಿತು: ಯಾರೂ ಕರೆಯದೆ ಮಗು ತಾನಾಗಿಯೇ ಓಡಿಬಂದು ಕೂರುವ ತಕ್ಕಡಿ ಯಾವುದು? ಜೋಕಾಲಿ!

ಓಣಿಗೊಂದು ಜೋಕಾಲಿ ಬಂತು. ಮಣೆಯ ಕೆಳಗೆ ತೂಕ ಅಳೆಯುವ ಬಿಲ್ಲೆ, ಎರಡೂ ಸರಪಳಿಗಳಿಗೆ ಕೈ ಎಲ್ಲಿ ಹಿಡಿದಿದೆ ಎಂದು ತಿಳಿಯುವ ಪಟ್ಟಿ. ಹಿಡಿತದ ಎತ್ತರದಿಂದ ಮಗುವಿನ ಎತ್ತರ ಗೊತ್ತಾಗುತ್ತದೆ, ಅಂಗೈಯ ಅಗಲದಿಂದ ವಯಸ್ಸು. ಹೆಸರಿಲ್ಲ, ಮುಖವಿಲ್ಲ. ಒಂದೇ ತೂಕ, ಒಂದೇ ಹಿಡಿತ ಮತ್ತೆ ಮತ್ತೆ ಬಂದರೆ ಯಂತ್ರ ಅದನ್ನು ಒಂದು ಮಗು ಎಂದು ಗುರುತಿಸಿಕೊಳ್ಳುತ್ತದೆ. ದೊಡ್ಡವರು ಆಸೆಪಟ್ಟು ಕೂತರೆ ಲೆಕ್ಕಕ್ಕೆ ಹಿಡಿಯದೆ ಸುಮ್ಮನಾಗುತ್ತದೆ.

ತೊಂದರೆ ಬರುವುದು ಓಣಿ ಸಣ್ಣದಿದ್ದಾಗ. ನಾಲ್ಕಾರು ಮಕ್ಕಳನ್ನು ನೋಡಿ ಹೇಳುವ ಅಂದಾಜು ನಂಬಿಕೆಗೆ ಯೋಗ್ಯವಲ್ಲ. ಆಗ ಯಂತ್ರ ಅಕ್ಕಪಕ್ಕದ ಓಣಿಗಳಿಂದ ಸ್ವಲ್ಪ ಬಲ ಎರವಲು ತರುತ್ತದೆ. ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲದಿದ್ದರೆ ಬಾಜೂಮನೆಯಿಂದ ಒಂದು ಚಮಚ ತರುವುದಿಲ್ಲವೇ, ಹಾಗೆ. ಓಣಿಯ ಸ್ವಂತ ಅಳತೆಗಳು ಕಡಿಮೆಯಿದ್ದಷ್ಟೂ ನೆರೆಯವರನ್ನು ನಂಬುತ್ತದೆ, ಹೆಚ್ಚಿದ್ದಷ್ಟೂ ತನ್ನ ಓಣಿಯನ್ನೇ ನಂಬುತ್ತದೆ. ಲಾಳಿ ಓಣಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ಹದಿನಾಲ್ಕೇ, ಆದರೆ ಅಳತೆಗಳು ರಾಶಿ ರಾಶಿ. ಊರಿನಲ್ಲಿ ಬೇರೆಲ್ಲೂ ಮಕ್ಕಳು ಜೋಕಾಲಿಯನ್ನು ಅಷ್ಟು ಜೀಕುತ್ತಿರಲಿಲ್ಲ. ಹೀಗಾಗಿ ಯಂತ್ರ ಎದೆ ತಟ್ಟಿಕೊಂಡು ಹೇಳಿತು: ಈ ಓಣಿಯಲ್ಲಿ ಮೂರರಲ್ಲಿ ಒಂದು ಮಗುವಿಗೆ ಅತಿತೂಕ.

ಕೆಂಪು ಬಿದ್ದ ಓಣಿಯ ಮಕ್ಕಳಿಗೆ ಶಾಲೆ ಬಿಡುವ ಹೊತ್ತಿಗೆ ಕೊಡುವ ಶೇಂಗಾ ಉಂಡಿ ನಿಲ್ಲುತ್ತದೆ. ಅದು ನಮ್ಮ ಮುಖ್ಯಸ್ಥರಾದ ಇನಾಮದಾರ ಸರ್ ಅವರ ಯೋಜನೆ. ಉಳಿದ ಓಣಿಗಳ ಮಕ್ಕಳು ಉಂಡಿ ತಿನ್ನುವಾಗ ಲಾಳಿ ಓಣಿಯ ಮಕ್ಕಳು ಪಾಟೀಚೀಲ ಹೊತ್ತು ಸುಮ್ಮನೆ ಮನೆಗೆ ನಡೆದರು.

ಆಷಾಢದಲ್ಲಿ ಒಂದು ಬೆಳಿಗ್ಗೆ ನಾನು ಕೇಂದ್ರಕ್ಕೆ ಕಾಲಿಡುತ್ತಲೇ ಇನಾಮದಾರ ಸರ್ ಪೇಢೆಯ ಡಬ್ಬಿ ಹಿಡಿದು ಎದುರಾದರು. ಬೊಜ್ಜಿನ ಮೇಲೆ ಕಣ್ಣಿಡುವ ಕಚೇರಿಯಲ್ಲಿ ಪೇಢೆ! ಮನುಷ್ಯ ಮಾತ್ರ ಚಿನ್ನದಂಥವರು. ಯಾರಿಗೆ ಜ್ವರ ಬಂದರೂ ತಾವೇ ಹೋಗಿ ಮಾತಾಡಿಸಿಕೊಂಡು ಬರುವವರು. ಆದರೆ ಒಂದು ಸಂಖ್ಯೆ ತಮ್ಮ ಕಡೆ ನಕ್ಕರೆ ಸಾಕು, ಕರಗಿಬಿಡುತ್ತಾರೆ.

“ತಗೋರಿ, ತಗೋರಿ! ನಿಮ್ಮ ತವರಿಂದನ ಸಿಹಿಸುದ್ದಿ. ಲಾಳಿ ಓಣಿ ಹಸರಾತು!”

ಗೋಡೆಯ ಮೇಲಿನ ನಕ್ಷೆಯಲ್ಲಿ ನಿಜಕ್ಕೂ ನಮ್ಮ ಓಣಿ ಎಳೆ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

“ಉಂಡಿ ನಿಂದ್ರಿಸಿದ್ದ ತಡ, ಹುಡುಗರು ಇಳದು ಹೋದ್ರು ನೋಡ್ರಿ,” ಎಂದರು ಸರ್. “ಅಲ್ಲಿ ಉಂಡಿ ಹಂಗ ಬಂದ್ ಇರಲಿ. ಪಂಚಮಿ ಮುಗದ ಮ್ಯಾಲೆ ಜಿಲ್ಲಾದಾಗಿನ ಕೆಂಪು ಓಣಿಗಷ್ಟ ಅಲ್ಲ, ಹಳದಿ ಓಣಿಗೂ ಉಂಡಿ ಬಂದ್ ಮಾಡೂದು. ಮ್ಯಾಲಿನವರಿಗೆ ಆಗಲೇ ಹೇಳೇನಿ.”

“ಸರ್, ಮಕ್ಕಳೇನು ಬಲೂನೇನ್ರಿ, ಇಷ್ಟು ಲಗೂನ ಗಾಳಿ ಇಳಿಯಾಕ?”

“ಎಲ್ಲಾದಕ್ಕೂ ಅಪಶಕುನ ನುಡೀಬ್ಯಾಡ್ರಿ ದಾಕ್ಷಾಯಣಿ.”

“ಅಳತಿನೂ ಭಾಳ ಕಡಿಮಿ ಆಗ್ಯಾವಲ್ರಿ.”

“ಆಷಾಢದ ಗಾಳಿ. ಹುಡುಗರು ಮನಿಯಾಗ ಕುಂತಿರ್ತಾವ. ಪೇಢೆ ತಿನ್ರಿ ಮೊದಲ.”

ತಿಂದೆ. ಸುಳ್ಳು ಯಾಕೆ ಹೇಳಲಿ, ಪೇಢೆ ಚೆನ್ನಾಗಿತ್ತು. ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ.

ನಾಗರ ಪಂಚಮಿಗೆ ತವರಿಗೆ ಹೋಗುವುದು ನಮ್ಮ ಕಡೆ ಹೆಣ್ಣುಮಕ್ಕಳ ಹಕ್ಕು. ಉಂಡಿ ತಿನ್ನಬೇಕು, ಹುರಿದ ಜೋಳದ ಅಳ್ಳು ಮೆಲ್ಲಬೇಕು, ಜೋಕಾಲಿ ಜೀಕಬೇಕು. ನಾನು ಓಣಿಯ ಬಾಯಿಗೆ ಬರುತ್ತಲೇ ಅಣ್ಣನ ಮಗಳು ಶ್ರಾವಣಿ ಪ್ರತಿ ವರ್ಷ ಓಡಿಬಂದು ನನ್ನ ಚೀಲ ಕಸಿದುಕೊಳ್ಳುತ್ತಿದ್ದಳು. ಶ್ರಾವಣದಲ್ಲೇ ಹುಟ್ಟಿದವಳು, ಈಗ ಹನ್ನೊಂದು ತುಂಬುತ್ತದೆ. ದುಂಡು ಮುಖ, ದುಂಡು ಕೈ, ಎತ್ತಿಕೊಂಡರೆ ನನ್ನ ಸೊಂಟ ಹಿಡಿಯುವಂಥ ಗಟ್ಟಿಮುಟ್ಟು ಹುಡುಗಿ. ಈ ಸಲ ಅವಳು ಬರಲಿಲ್ಲ.

ಒಳಗೆ ಹೋದರೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಕೆನ್ನೆಗಳು ಒಳಗೆ ಹೋಗಿದ್ದವು, ಕಣ್ಣ ಸುತ್ತ ಕಪ್ಪು.

“ತಗೋ ಬಂಗಾರಿ, ಎಳ್ಳುಂಡಿ. ನಿನಗಂತನ ಮಾಡೇನಿ.”

“ಒಲ್ಲೆ ಅತ್ತಿ.”

ಅಷ್ಟೇ ಹೇಳಿ ಒಳಕೋಣೆಗೆ ಹೋಗಿಬಿಟ್ಟಳು. ನಾನು ಅಡುಗೆಮನೆಗೆ ಹೋದೆ. ಬೈಯುತ್ತಾಳೆಂದುಕೊಂಡಿದ್ದ ವೈನಿ ಬೈಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಉಣ್ಣವಲ್ಲಳು ಕೂಸು. ಅರ್ಧ ರೊಟ್ಟಿ ತಿಂದ್ರ ಹೆಚ್ಚು. ಮೊನ್ನೆ ಸಾಲ್ಯಾಗ ಚಕ್ಕರ ಬಂದು ಬಿದ್ದಳು. ಡಾಕ್ಟರು ಹಿಂಗ ಆದ್ರ ದವಾಖಾನಿಗೆ ಹಾಕಬೇಕಾಗ್ತೈತಿ ಅಂದಾರ.”

“ಯಾಕ ವೈನಿ? ಏನಾತು?”

“ಓಣಿ ಕೆಂಪಾತಲ್ಲ. ಓಣ್ಯಾಗ ದಪ್ಪ ಇರಾಕಿ ಇವಳೊಬ್ಬಳ. ನಿನ್ನಿಂದನ ನಮ್ಮ ಉಂಡಿ ಹೋತು ಅಂತ ಹುಡುಗರು ಅಂದಾವ. ಅದನ್ನ ಹಿಡಕೊಂಡು ಕುಂತಾಳ.”

ನನ್ನ ಮೈ ಉರಿದುಹೋಯಿತು. ಮಕ್ಕಳ ಮೇಲಲ್ಲ, ನಮ್ಮ ನಕ್ಷೆಯ ಮೇಲೆ. ಹೆಸರು ಬರೆಯುವುದಿಲ್ಲ, ಮುಖ ನೋಡುವುದಿಲ್ಲ ಎಂದು ನಾವು ಬೀಗುತ್ತಿದ್ದೆವು. ಹದಿನಾಲ್ಕು ಮಕ್ಕಳ ಓಣಿಗೆ ಬಣ್ಣ ಬಳಿದರೆ ಹೆಸರು ಯಾಕೆ ಬೇಕು? ಓಣಿಯವರೆಲ್ಲ ತಿರುಗಿ ನೋಡುವುದು ಒಬ್ಬಳನ್ನೇ. ಇಷ್ಟು ತಿಳಿಯಲು ವಿಜ್ಞಾನ ಬೇಕಾಗಿರಲಿಲ್ಲ.

ಒಳಕೋಣೆಯಲ್ಲಿ ಅವಳು ನೂಲಿನ ಲಡಿಗಳ ನಡುವೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

“ಹೊರಗ ಎಲ್ಲಾರೂ ಜೋಕಾಲಿ ಆಡಾಕತ್ತಾರ. ಬಾ, ಜೀಕೂಣು.”

“ನಾ ಹತ್ತೂದು ಬಿಟ್ಟೇನಿ ಅತ್ತಿ. ಕೆಂಪಾದ ದಿನಾನ ಬಿಟ್ಟೆ.” ಮೊಣಕಾಲಿನ ಮೇಲೆ ಗದ್ದ ಊರಿ ಮೆಲ್ಲಗೆ ಹೇಳಿದಳು: “ನಾ ಬಿಟ್ಟ ಮ್ಯಾಲೆ ಓಣಿ ಹಸರಾತಲ್ಲ? ಅಂದ್ರ ನಾನ ಕಾರಣ ಅಲ್ಲೇನು?”

ಹುಡುಗಿಯ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವಳು ಜೋಕಾಲಿ ಬಿಟ್ಟಳು, ಓಣಿ ಹಸಿರಾಯಿತು. ಆದರೆ ಲೆಕ್ಕ ಹೊಂದುತ್ತಿರಲಿಲ್ಲ. ಒಬ್ಬಳು ಒಬ್ಬಳೇ. ಯಂತ್ರ ಕಂಡಿದ್ದು ಅತಿತೂಕದ ಏಳು ಮಕ್ಕಳನ್ನು. ಉಳಿದ ಆರು ಮಕ್ಕಳು ಯಾರು? ಅವರೂ ಅವತ್ತೇ ಯಾಕೆ ಬಿಟ್ಟರು?

ಅಷ್ಟರಲ್ಲಿ ಹೊರಗೆ ಗದ್ದಲ. ಕಿಟಕಿಯಿಂದ ನೋಡಿದೆ. ಬೇವಿನ ಗಿಡದ ಪಕ್ಕದ ಕೇಂದ್ರದ ಜೋಕಾಲಿಯಲ್ಲಿ ತವರಿಗೆ ಬಂದ ಹೆಂಗಸರು ಸರದಿಯ ಮೇಲೆ ಜೀಕುತ್ತಿದ್ದರು. ಆದರೆ ಓಣಿಯ ಚಿಳ್ಳೆಪಿಳ್ಳೆಗಳೆಲ್ಲ ಅದನ್ನು ಬಿಟ್ಟು ನಮ್ಮ ಕಟ್ಟೆಗೆ ಬಂದಿದ್ದವು. ಎರಡು ವರ್ಷದ ಈರ್ಯಾ ಬಾಗಿಲು ಬಡಿಯುತ್ತಿದ್ದ. ಅವನ ಹಿಂದೆ ಜೋಯಾ, ಅವಳ ಹಿಂದೆ ಇನ್ನೂ ನಾಲ್ಕೈದು. ಎಲ್ಲವೂ ಒಂದೇ ರಾಗ: “ಅಕ್ಕಾ, ಜೀಕು! ಅಕ್ಕಾ, ಜೀಕು!”

“ಇವು ಯಾಕ ಇಲ್ಲಿ ಬಂದಾವ ವೈನಿ?”

“ಮತ್ತೆಲ್ಲಿ ಹೋಗಬೇಕು?” ಅಡುಗೆಮನೆಯಿಂದ ಬಂದ ವೈನಿಗೆ ತನ್ನ ಗಂಟಲು ಮರಳಿತ್ತು. “ಬಾಲವಾಡಿ ಮಧ್ಯಾಹ್ನಕ್ಕ ಮುಚ್ಚತೈತಿ. ನಾವೆಲ್ಲಾರೂ ಮಗ್ಗದಾಗ ಇರ್ತೀವಿ. ಕೂಸು ಮಗ್ಗದ ಹತ್ರ ಬಂದ್ರ ಬೆರಳು ಹೋದಂಗ. ಅದಕ್ಕ ಸಾಲಿಯಿಂದ ಬಂದಕೂಡ್ಲೆ ನಮ್ಮಾಕಿ ಎಲ್ಲಾ ಕೂಸುಗಳನ್ನ ಜೋಕಾಲಿ ಹತ್ರ ಒಯ್ತಿದ್ದಳು. ಒಂದೊಂದನ್ನ ತೊಡಿಮ್ಯಾಲೆ ಕುಂದ್ರಿಸ್ಕೊಂಡು ಕತ್ತಲಾಗೂತನಕ ಜೀಕಾಕಿ. ಈಗ ಅದೂ ಇಲ್ಲ. ಅವು ದಿನಾ ಬಂದು ಬಾಗಲಾ ಬಡಿತಾವ, ಇಕಿ ಒಳಗ ಕುಂತು ಅಳ್ತಾಳ.”

“ಎಷ್ಟು ಕೂಸು ವೈನಿ?”

“ಏಳು. ಯಾಕ?”

ನಾನು ಎದ್ದು ನಿಂತೆ. ಚೀಲದಿಂದ ಕೇಂದ್ರದ ಫಲಕ ತೆಗೆದೆ. ಅಂಗೈ ಅಗಲದ ಆ ಫಲಕದಲ್ಲಿ ಯಾವ ಜೋಕಾಲಿಯ ಅಳತೆಯನ್ನಾದರೂ ಅಲ್ಲೇ ನೋಡಬಹುದು.

“ಶ್ರಾವಣಿ, ಒಂದ ಸಲ ಬಾ. ನನ್ನ ಸಲುವಾಗಿ.”

“ಒಲ್ಲೆ. ಮತ್ತ ಕೆಂಪಾಗತೈತಿ.”

“ಆಗಲಿ. ಆದ್ರ ನಾ ಅದೀನಿ.”

ಬಂದಳು, ನನಗಾಗಿ ಅಲ್ಲ. ಬಾಗಿಲು ತೆಗೆದದ್ದೇ ತಡ ಈರ್ಯಾ ಅವಳ ಕಾಲಿಗೆ ಜೋತುಬಿದ್ದ. ಇನ್ನು ಅವಳ ಕೈಲಿ ತಡೆಯಲಾಗಲಿಲ್ಲ. ಅವನನ್ನು ಎತ್ತಿಕೊಂಡು ಹೋಗಿ, ತಲೆ ತಗ್ಗಿಸಿ, ಜೋಕಾಲಿಯ ಮೇಲೆ ಕೂತಳು. ಎಡಗೈ ತಾನಾಗಿ ಈರ್ಯಾನ ಹೊಟ್ಟೆಯನ್ನು ಬಳಸಿತು, ಬಲಗೈ ಸರಪಳಿ ಹಿಡಿಯಿತು. ಫಲಕದಲ್ಲಿ ಬಂತು: ಮಗು ಒಂದು, ವಯಸ್ಸು ಹನ್ನೊಂದರ ಆಸುಪಾಸು, ಅತಿತೂಕ. ಎಡ ಸರಪಳಿಯ ಪಟ್ಟಿ ಕೆಲಸ ಮಾಡುತ್ತಿಲ್ಲ.

“ಈಗ ಜೋಯಾನ ಎತಗೋ.”

ಜೋಯಾ ಈರ್ಯಾನಿಗಿಂತ ಗಟ್ಟಿ. ಫಲಕ ಹೇಳಿತು: ಇನ್ನೊಂದು ಮಗು, ಹನ್ನೊಂದರ ಆಸುಪಾಸು, ಇನ್ನೂ ಹೆಚ್ಚಿನ ಅತಿತೂಕ. ಎಡ ಸರಪಳಿಯ ಪಟ್ಟಿ ಕೆಲಸ ಮಾಡುತ್ತಿಲ್ಲ.

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಅಳುವೂ ಬಂತು. ವೈನಿಗೆ “ಸಂಜೀಕ ಬರ್ತೀನಿ, ಉಂಡಿ ತೆಗೆದಿಡು” ಎಂದು ಕೂಗಿ ಸಿಕ್ಕ ಆಟೋ ಹತ್ತಿದೆ.

ಹಬ್ಬವಾದರೂ ಇನಾಮದಾರ ಸರ್ ಕೇಂದ್ರದಲ್ಲೇ ಇದ್ದರು. ಮರುದಿನದ ಘೋಷಣೆಯ ಭಾಷಣವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ನಾನು ಏನೂ ಹೇಳದೆ ಲಾಳಿ ಓಣಿಯ ಹಳೆಯ ಅಳತೆಗಳನ್ನು ಗೋಡೆಯ ಮೇಲೆ ಬಿಡಿಸಿಟ್ಟೆ.

“ಇವು ಏಳು ಮಕ್ಕಳು ನೋಡ್ರಿ ಸರ್. ಏಳಕ್ಕೂ ಅಂಗೈ ಅಗಲ ಒಂದ. ಏಳಕ್ಕೂ ಬಲಗೈ ಹಿಡಿತ ಒಂದ ಎತ್ತರದಾಗ. ತೂಕ ಅಷ್ಟ ಬ್ಯಾರೆ ಬ್ಯಾರೆ. ಸಾಲಿ ಲೆಕ್ಕದಾಗ ಓಣಿ ಮಕ್ಕಳು ಹದಿನಾಲ್ಕು, ಮಷೀನಿಗೆ ಕಂಡಿದ್ದು ಇಪ್ಪತ್ತು. ನೆಂಟರ ಮಕ್ಕಳು ಬಂದಿರಬೇಕು ಅಂತ ಅದು ಸುಮ್ಮನಾಗೈತಿ.”

“ಎಡ ಸರಪಳಿ ಕೆಟ್ಟೈತಿ ಅಂತಾನೂ ಬರದೈತಲ್ರಿ.”

“ಕೆಟ್ಟಿಲ್ಲ ಸರ್. ಬ್ಯಾರೆ ಮಕ್ಕಳು ಕುಂತಾಗ ಎಡಗೈ ಸರಿಯಾಗಿ ಬಂದೈತಿ. ಈ ಏಳು ಕುಂತಾಗ ಅಷ್ಟ ಇಲ್ಲ.”

“ಮತ್ತ ಆ ಎಡಗೈ ಎಲ್ಲಿತ್ತು?”

“ಕೂಸಿನ ಹೊಟ್ಟಿ ಮ್ಯಾಲೆ ಇತ್ರಿ. ಜಾರಿ ಬೀಳಬಾರದು ಅಂತ.”

ಎಲ್ಲವನ್ನೂ ಹೇಳಿದೆ. ಏಳು ಮಕ್ಕಳಲ್ಲ, ಒಬ್ಬಳೇ ಹುಡುಗಿ ಎಂದು. ಅವಳು ಊಟ ಬಿಟ್ಟದ್ದು, ಶಾಲೆಯಲ್ಲಿ ಬಿದ್ದದ್ದು, ಬಾಗಿಲು ಬಡಿಯುವ ಕೂಸುಗಳು. ಹೇಳುತ್ತಾ ನನ್ನ ದನಿ ಏರಿತು. ಸಂಬಳ ಕೊಡುವವರ ಎದುರು ಅಷ್ಟು ಜೋರು ಮಾಡಬಾರದಿತ್ತು, ಮಾಡಿದೆ.

ಸರ್ ಭಾಷಣದ ಹಾಳೆಗಳನ್ನು ಮಡಿಚಿದರು. “ಮ್ಯಾಲಿನವರಿಗೆ ಏನ್ ಹೇಳ್ಲಿ ದಾಕ್ಷಾಯಣಿ? ಎಲ್ಲಾ ಕಡೆ ಹೇಳಿಬಿಟ್ಟೇನಿ.”

“ಹೆಂಗ ಐತಿ ಹಂಗ ಹೇಳ್ರಿ. ಇಷ್ಟು ಸಣ್ಣ ಓಣಿಗೆ ಬಣ್ಣ ಹಚ್ಚಬಾರದು ಅಂತಾನೂ ಹೇಳ್ರಿ. ನಾಚಿಕಿ ಆಗತೈತಿ, ಆಗಲಿ. ಒಂದು ಕೂಸು ದವಾಖಾನಿ ಸೇರೂದಕ್ಕಿಂತ ನಮ್ಮ ನಾಚಿಕಿ ದೊಡ್ಡದೇನ್ರಿ?”

ಅವರು ಗೋಡೆಯ ಹತ್ತಿರ ಹೋಗಿ ಅಳತೆಗಳನ್ನು ನೋಡಿದರು. ಒಂದರ ಕೆಳಗೊಂದು ನೂರಾರು ಬಲಗೈಗಳು, ಪ್ರತಿಯೊಂದರ ಪಕ್ಕದಲ್ಲೂ ಎಡಗೈಯ ಖಾಲಿ ಜಾಗ.

“ನನ್ನನ್ನೂ ನಮ್ಮಕ್ಕ ಹಿಂಗ ಆಡಿಸ್ತಿದ್ದಳು,” ಎಂದರು ಕೊನೆಗೆ. ಆಮೇಲೆ ಫೋನ್ ತೆಗೆದು ಮೊದಲು ಶಾಲೆಗೆ ಉಂಡಿ ಕಳಿಸುವವರಿಗೆ, ನಂತರ ಮೇಲಿನವರಿಗೆ ಮಾತಾಡಿದರು. ಮೇಲಿನವರು ಬೈದದ್ದು ನನಗೂ ಕೇಳಿಸಿತು. ಸರ್ ಮಾತ್ರ “ಹೌದ್ರಿ, ತಪ್ಪು ನಮ್ಮದ” ಎನ್ನುತ್ತಲೇ ಇದ್ದರು. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗಿದ್ದ ಪ್ರೀತಿ ಇಮ್ಮಡಿಯಾಯಿತು.

ಸಂಜೆ ಬಿಸಿಲು ಇಳಿಯುವ ಮುಂಚೆ ಓಣಿಗೆ ಮರಳಿದೆ. ಶ್ರಾವಣಿ ಬೇವಿನ ಗಿಡದ ಕೆಳಗೆ ಕೂಸುಗಳ ನಡುವೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಕೆಂಪಾತೇನು ಅತ್ತಿ?”

“ಓಣಿ ಕೆಂಪಾಗಿದ್ದು ನಿನ್ನಿಂದನ,” ಎಂದೆ.

ಅವಳ ಮುಖ ಸಣ್ಣದಾಯಿತು. ಬಾಗಿಲಲ್ಲಿದ್ದ ವೈನಿ ಸೌಟು ಎತ್ತಿಕೊಂಡೇ ಬಂದಳು. “ಏನಂದೀ? ಏನಂದೀ ನೀ?”

“ತಡಿ ತಾಯಿ, ಪೂರಾ ಕೇಳು.” ನಾನು ನೆಲದ ಮೇಲೆ ಕೂತು ಶ್ರಾವಣಿಯ ಎರಡೂ ಕೈ ಹಿಡಿದುಕೊಂಡೆ. “ನೀ ಈರ್ಯಾನ ಎತಗೊಂಡು ಕುಂತಾಗ ಆ ದಡ್ಡ ಮಷೀನು, ಯಾವುದೋ ಒಂದು ದಪ್ಪ ಹುಡುಗಿ ಅಂತ ತಿಳಕೊಂಡ್ತು. ಜೋಯಾನ ಎತಗೊಂಡಾಗ ಇನ್ನೊಂದು ದಪ್ಪ ಹುಡುಗಿ ಅಂದುಕೊಂಡ್ತು. ಹಿಂಗ ಏಳು. ನೀ ಜೋಕಾಲಿ ಬಿಟ್ಟಿ, ಏಳೂ ದಪ್ಪ ಹುಡುಗ್ಯಾರು ಮಾಯ ಆದ್ರು. ನಿನ್ನ ಮೈಯಿಂದ ಅಲ್ಲವ್ವಾ, ನಿನ್ನ ತೊಡಿಮ್ಯಾಲೆ ಇದ್ದವರಿಂದ ಕೆಂಪಾಗಿತ್ತು. ನಾಳಿಂದ ಎಲ್ಲಾರಿಗೂ ಉಂಡಿ ಬರತೈತಿ.”

ವೈನಿಯ ಸೌಟು ಕೆಳಗಿಳಿಯಿತು. ಶ್ರಾವಣಿ ಏನನ್ನೋ ಲೆಕ್ಕ ಹಾಕುವವಳಂತೆ ಹುಬ್ಬು ಗಂಟಿಕ್ಕಿದಳು.

“ಹಂಗಾದ್ರ ನನ್ನ ತೂಕ ಎಷ್ಟು ಅತ್ತಿ?”

“ಗೊತ್ತಿಲ್ಲ. ಎಲ್ಲಾ ಹುಡುಕಿದೆ. ಜೋಕಾಲಿ ಬಂದಾಗಿಂದ ನೀ ಒಬ್ಬಾಕಿನ ಒಮ್ಮೆನೂ ಕುಂತಿಲ್ಲ.”

“ಹೌದಲ್ಲಾ,” ಎಂದಳು. ಅವಳಿಗೇ ಆಶ್ಚರ್ಯವಾಗಿತ್ತು.

ನಾನು ಎಳ್ಳುಂಡಿ ಮುಂದೆ ಹಿಡಿದೆ. ತೆಗೆದುಕೊಂಡಳು, ಅರ್ಧ ಮುರಿದು ಈರ್ಯಾನ ಬಾಯಿಗೆ ಇಡಲು ಹೋದಳು. ವೈನಿ ಗದರಿದಳು: “ಅವಂಗ ಬ್ಯಾರೆ ಕೊಡ್ತೀನಿ. ಅದು ಪೂರಾ ನಿಂದ!” ಅವಳು ತಿಂದಳು. ಬೆರಳಿಗೆ ಅಂಟಿದ ಬೆಲ್ಲವನ್ನೂ ನೆಕ್ಕಿದಳು. ವೈನಿ ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡಳು, ನಾನು ನೋಡಲಿಲ್ಲವೆಂಬಂತೆ ಇದ್ದೆ.

“ಹತ್ತು ಈಗ,” ಎಂದೆ. “ನೀ ಒಬ್ಬಾಕಿನ. ಈ ಸೈನ್ಯಾನ ನಾ ಹಿಡಕೋತೀನಿ.”

ಒಬ್ಬಳೇ ಕೂತಳು. ಎಡಗೈಗೆ ಏನು ಮಾಡಬೇಕೆಂದು ತಿಳಿಯದೆ ಒಂದು ಗಳಿಗೆ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಅದನ್ನೂ ಸರಪಳಿಗೆ ಕೊಟ್ಟಳು. ಕಾಲಿನಿಂದ ನೆಲ ಒದ್ದಳು. ಒಂದು ಜೀಕು, ಇನ್ನೊಂದು, ಬೇವಿನ ಎಲೆ ಮುಟ್ಟುವಷ್ಟು ಎತ್ತರ. ಮೇಲಿಂದ ಅವಳ ನಗು ಕೇಳಿ ಮಗ್ಗ ನಿಲ್ಲಿಸಿ ಅಣ್ಣನೂ ಹೊರಗೆ ಬಂದ. ನನ್ನ ತೋಳಲ್ಲಿದ್ದ ಕೂಸುಗಳು ತಮ್ಮ ಸರದಿ ತಪ್ಪಿತೆಂದು ಬಾಯಿ ಬಾಯಿ ಬಡಿದುಕೊಂಡವು. ಬಡಿದುಕೊಳ್ಳಲಿ ಎಂದು ಬಿಟ್ಟೆ.

ಮರುದಿನ ಬೆಳಿಗ್ಗೆ ಇನಾಮದಾರ ಸರ್ ಫೋನ್ ಮಾಡಿದರು. “ದಾಕ್ಷಾಯಣಿ, ಲಾಳಿ ಓಣ್ಯಾಗ ಒಂದು ಮಗು ಹೊಸದಾಗಿ ಬಂದೈತಿ ಅಂತ ಮಷೀನು ಹೇಳಾಕತ್ತೈತಿ. ಎರಡೂ ಕೈ ಹಿಡಿತ ಸರಿಯಾಗಿ ಐತಿ. ಯಾರದು?”

ನಾನು ಫಲಕ ತೆಗೆದು ನೋಡಿದೆ. ಹೌದು, ಇತ್ತು. ತೂಕದ ಅಂಕಿಯ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡೆ.

“ನಮ್ಮ ಹುಡುಗಿ ಸರ್,” ಎಂದೆ.